ಮುಂದೆ ದಾಟಿಸಿ

ಮಾತಾಡಲು ಎರಡು ನಿಮಿಷ ಕೊಟ್ಟಿದ್ದಾರೆ.
ಬಿಷ್ಕೆಕ್ ನಗರಸಭೆಯ ಹಾಲು, ಮೈಕು, ನೀರಿನ ಬಾಟಲಿ,
ಗೋಡೆಯ ಮೇಲೆ ಹೊಸ ಹಸಿರು ಬಸ್ಸಿನ ಚಿತ್ರ.
ಚಿತ್ರದೊಳಗೆ ಎಲ್ಲರೂ ನಗುತ್ತಿದ್ದಾರೆ,
ಯಾರ ಮಡಿಲಲ್ಲೂ ಆಲೂಗಡ್ಡೆ ಚೀಲವಿಲ್ಲ.

ನಾನು ಬುರುಲ್ಕಾನ್. ಹೆರಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ,
ನೆಲ ಒರೆಸುತ್ತೇನೆ. ಮನೆ ಊರಾಚೆ, ಹೊಸ ಬಡಾವಣೆಯಲ್ಲಿ.
ಹೊಸದೆಂದು ಹೆಸರಿಟ್ಟು ಇಪ್ಪತ್ತಾರು ವರ್ಷವಾಯಿತು,
ಡಾಂಬರು ಇನ್ನೂ ದಾರಿಯಲ್ಲಿದೆಯಂತೆ.

ತೆಗೆದುಹಾಕಿ ಅನ್ನಲಿಕ್ಕೇ ಬಂದವಳು ನಾನು, ಸುಳ್ಳೇಕೆ.
ಹದಿನೆಂಟು ಸೀಟಿನ ಮಾರ್ಶ್ರುಟ್ಕಾದಲ್ಲಿ ನಲವತ್ತು ಜನ.
ಚಾವಣಿ ಗಿಡ್ಡ; ನಿಂತವರೆಲ್ಲ ಕತ್ತು ಬಗ್ಗಿಸಿ
ಯಾರಲ್ಲೋ ಕ್ಷಮೆ ಕೇಳುತ್ತಿರುವಂತೆ
ಪೇಟೆ ಮುಟ್ಟುವತನಕ.
ಡ್ರೈವರನ ಬಾಯಲ್ಲಿ ಸೂರ್ಯಕಾಂತಿ ಬೀಜ, ಕಿವಿಯಲ್ಲಿ ಫೋನು,
ಪಕ್ಕದ ಗಾಡಿಯೊಡನೆ ಜಿದ್ದು,
ಮುಂದಿನ ನಿಲ್ದಾಣದ ಆರೇ ಆರು ಜನಕ್ಕೆ.
ಅಂಥದೊಂದು ಬ್ರೇಕಿಗೆ ಮುರಿದದ್ದು ಈ ಮಣಿಕಟ್ಟು.
ನೋಡಿ, ಸೊಟ್ಟಗೆ ಕೂಡಿದೆ. ಬಟ್ಟೆ ಹಿಂಡುವಾಗ
ಈಗಲೂ ಆ ತಿರುವು ನೆನಪಾಗುತ್ತದೆ.

ಮೆಡೆರ್‌ನನ್ನು ಬೈದಿದ್ದೆ. ನಮ್ಮ ಬೀದಿಯವನೇ.
'ಎಜೆ,' ಅಂದ, 'ಸಂಜೆಗೆ ಮಾಲೀಕನಿಗೆ ಎಣಿಸಿ ಕೊಡಬೇಕು.
ಡೀಸೆಲ್ ನಂದು, ಟಯರು ನಂದು, ದಂಡ ನಂದು.
ಉಳಿದದ್ದೂ ನಂದೇ,
ಉಳಿದರೆ.'
ಮಾಲೀಕನನ್ನು ಈವರೆಗೆ ಯಾರೂ ನೋಡಿಲ್ಲ.
ಇವತ್ತು ಈ ಹಾಲಿನಲ್ಲೂ ಇಲ್ಲ.

ಆದರೆ ಒಂದು ಮಾತು. ಹಿಂದಿನ ಸೀಟಿನಲ್ಲಿ ಕೂತು
ಮುಂದಿನವರ ಹೆಗಲು ಮುಟ್ಟಿ 'ದಾಟಿಸಿ' ಅಂದರೆ
ನೋಟು ಹೋಗುತ್ತದೆ. ಬಣ್ಣ ಮೆತ್ತಿದ ಕೈ,
ಉಂಗುರದ ಕೈ, ಹಿಟ್ಟಿನ ಕೈ, ಪರೀಕ್ಷೆಗೆ ಹೊರಟ ಹುಡುಗಿಯ
ಶಾಯಿ ಬರೆದ ಅಂಗೈ. ಚಿಲ್ಲರೆ ಅದೇ ದಾರಿಯಲ್ಲಿ
ಬೆಚ್ಚಗಾಗಿ ವಾಪಸು ಬರುತ್ತದೆ.
ಇಪ್ಪತ್ತಾರು ವರ್ಷದಲ್ಲಿ ಒಂದು ಸೋಮ್ ಕಮ್ಮಿ ಬಂದಿಲ್ಲ.
ಚುನಾವಣೆ ಎಣಿಕೆಯ ಬಗ್ಗೆ
ಇಷ್ಟು ಗಟ್ಟಿಯಾಗಿ ಹೇಳಲಾರೆ.

(ನಗಬೇಡಿ. ನನ್ನ ನಿಮಿಷ ಓಡುತ್ತಿದೆ.)

ಹೊಸ ಬಸ್ಸು ಹತ್ತಿದೆ ಮೊನ್ನೆ. ಒಪ್ಪಬೇಕು:
ನೆಟ್ಟಗೆ ನಿಂತೆ. ಬೆಚ್ಚಗಿತ್ತು. ಗಾಲಿಕುರ್ಚಿಯ ಹುಡುಗನೊಬ್ಬ
ಯಾರ ಕೈಯ ಹಂಗೂ ಇಲ್ಲದೆ ತಾನೇ ಒಳಗೆ ಬಂದ.
ಅವನನ್ನು ಮಾರ್ಶ್ರುಟ್ಕಾದಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ;
ಕಂಡಿಲ್ಲವೆಂಬುದೇ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಆಮೇಲೆ, ಹಳೇ ಚಾಳಿ, ನಾಣ್ಯ ತೆಗೆದು
ಮುಂದಿನವನ ಹೆಗಲು ಮುಟ್ಟಿದೆ.
ಅವನೂ ಮರೆತು ಕೈ ಚಾಚಿ ಇಸಕೊಂಡ.
ಡ್ರೈವರು ಗಾಜಿನಾಚೆ. ಕಂಬದ ಯಂತ್ರಕ್ಕೆ ಕಾರ್ಡೇ ಬೇಕು.
ನಾಣ್ಯ ಹಿಡಿದು ಅವನು ನನ್ನತ್ತ ತಿರುಗಿದ,
ನಾನು ಕಿಟಕಿಯತ್ತ.

ಡಾಂಬರು ಮುಗಿದಲ್ಲಿ ಬಸ್ಸೂ ಮುಗಿಯಿತು.
ಅಲ್ಲಿಂದ ಮೂರು ಕಿಲೋಮೀಟರು: ಕೆಸರು, ನಾಯಿ,
ಡಿಸೆಂಬರಿನಲ್ಲಿ ಬೆಳಗ್ಗೆ ಆರಕ್ಕೂ ಇರುಳು.
ನಾನೊಬ್ಬಳೇ ಅಲ್ಲ. ಅಡುಗೆಯ ಜಿಬೆಕ್ ಇದ್ದಾಳೆ,
ಬೇಕರಿಯ ಹುಡುಗಿಯರಿದ್ದಾರೆ.
ಹಿಂದಿನಿಂದ ಗಾಡಿಯ ಸದ್ದು. ಬೋರ್ಡು ಕಿತ್ತಿದೆ, ದೀಪವಿಲ್ಲ.
ಬಾಗಿಲು ಜಾರಿತು. ಮೆಡೆರ್ ಏನೂ ಅನ್ನಲಿಲ್ಲ.
ಹತ್ತಿದೆವು. ಕತ್ತು ಬಗ್ಗಿಸಿದೆವು.

ಅದು ಕಾನೂನಿಗೆ ವಿರುದ್ಧ ಎಂದು ಬರೆದುಕೊಳ್ಳುತ್ತಿದ್ದಾನೆ
ಟೈ ಕಟ್ಟಿದ ಹುಡುಗ. ಬರೆದುಕೋ ಮಗಾ.
ಹಂತ ಹಂತವಾಗಿ ತೆಗೆಯುತ್ತೇವೆ ಅನ್ನುತ್ತೀಯಲ್ಲ,
ಮೊದಲ ಹಂತ ನಮ್ಮ ಗಲ್ಲಿಯ ಕಡೆಯಿಂದ ಏಕಿಲ್ಲ?
ಮೆಡೆರ್‌ನಿಗೆ ಆ ಹಸಿರು ಬಸ್ಸಿನ ಕೀಲಿ ಕೊಡು,
ತಿಂಗಳ ಸಂಬಳ ಕೊಡು; ಬೀಜ ಉಗುಳಿದರೆ ನಾನು ನೋಡಿಕೊಳ್ಳುತ್ತೇನೆ.
ಆಗ ಆ ಹಳೇ ಡಬ್ಬವನ್ನು ಗುಜರಿಗೆ ಹಾಕು,
ಬೇಕಾದರೆ ನಾನೇ ತಳ್ಳುತ್ತೇನೆ
ಈ ಸೊಟ್ಟ ಕೈಯಿಂದಲೇ.

ಗಂಟೆ ಹೊಡೆಯಿತು. ಸರಿ.
ಈ ಚೀಟಿಯನ್ನು ಮುಂದೆ ಕೂತವರಿಗೆ
ಸ್ವಲ್ಪ ದಾಟಿಸಿ.